ಎಂಟನೆಯ ತಲೆ

ನನ್ನ ಮೈಗೆ ಗಾಯ ಮಾಯಿಸಿಕೊಳ್ಳುವ ಅಭ್ಯಾಸವಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ನಾನು ಒಬ್ಬ ಅಸುರನ ಮೇಲೆ ಹರಿಹಾಯುವುದನ್ನು ಓದುವಾಗ ಅದು ಬರೀ ತರ್ಕವಲ್ಲ, ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಸೇರಿದೆ ಎಂಬುದು ನಿಮಗೆ ತಿಳಿದಿರಲಿ. ಬೇರೆಯವರಿಗೆ ಗಡ್ಡ ಹೆರೆಯುವಾಗ ಆದ ಗಾಯ ಮಧ್ಯಾಹ್ನಕ್ಕೆ ಒಣಗಿರುತ್ತದೆ. ನನಗೆ ಸೊಳ್ಳೆ ಕಚ್ಚಿದರೂ ಹದಿನೈದು ದಿನ ಬೇಕು. ಆ ವರ್ಷ ಶ್ರಾವಣದಲ್ಲಿ ಕಂಪ್ಲಿಯ ನೆಂಟರೊಬ್ಬರಿಗೆ ಹಂಪಿ ತೋರಿಸಲು ಹೋಗಿದ್ದೆ. "ಇಲ್ಲಿ ಕಲ್ಲು ನೋಡಿಕೊಂಡು ಕಾಲಿಡಬೇಕು" ಎಂದು ಅವರಿಗೆ ಎಚ್ಚರಿಕೆ ಹೇಳಲು ಹಿಂದಕ್ಕೆ ತಿರುಗಿದವನು, ನಾನೇ ಎಡವಿ ಬಲಗಾಲಿನ ಹೆಬ್ಬೆರಳಿನ ಉಗುರು ಕಿತ್ತುಕೊಂಡೆ. ಹೊಸಪೇಟೆಯ ಆಸ್ಪತ್ರೆಯಲ್ಲಿ ಟಿಂಚರ್ ಹಚ್ಚಿದರು. ಸೊಂಡೂರಿನವರಾದ ನಮ್ಮ ಹೆಡ್‌ಮಾಸ್ತರರು ತಮ್ಮೂರಿನ ಕೆಂಪು ಮಣ್ಣನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು ಮೆತ್ತಿಸಿದರು. ಅರಿಶಿನ, ಬೇವು, ಸುಣ್ಣ ಎಲ್ಲಾ ಆಯಿತು. ಮಾರ್ಗಶಿರ ಬಂದರೂ ಆ ಬೆರಳು ಮೊನ್ನೆ ತಾನೇ ಎಡವಿದಂತೆ ಕೆಂಪಗೆ ಇತ್ತು.

ಆಗ ನಾನು ಹೊಸಪೇಟೆಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಮದುವೆಯಾಗಿ ಎರಡು ವರ್ಷ. ನಮ್ಮ ಮನೆಯಾಕೆ ನೀಲಮ್ಮ ಚೊಚ್ಚಲ ಬಾಣಂತನಕ್ಕೆ ತವರುಮನೆ ಮಲಪನಗುಡಿಗೆ ಹೋಗಿ ಆರು ತಿಂಗಳಾಗಿತ್ತು. ಮಲಪನಗುಡಿ ಏನು ಕಾಶಿಯೇ? ಹೊಸಪೇಟೆಯಿಂದ ಹಂಪಿಯ ದಾರಿ ಹಿಡಿದು ನಡೆದರೆ ಒಂದು ತಾಸು. ಆದರೆ ಹತ್ತಿರವಿದ್ದ ಮಾತ್ರಕ್ಕೆ ಹೆಂಡತಿಯನ್ನು ಕರೆದುಕೊಂಡು ಬರುವ ಹಾಗಿಲ್ಲ. ದಿನ ನೋಡಬೇಕು, ಉಡಿ ತುಂಬಬೇಕು, ತವರಿನ ತಂದೆ ತನ್ನ ಕೈಯಾರೆ ಮೊಮ್ಮಗುವನ್ನು ಎತ್ತಿ ಗಾಡಿಯಲ್ಲಿ ಕೂಡಿಸಬೇಕು. ಆರು ತಿಂಗಳಿಂದ ನಾನು ನನ್ನ ಕೈಯಡುಗೆಯನ್ನೇ ಉಣ್ಣುತ್ತಿದ್ದೆ. ಅನ್ನ ಒಂದು ದಿನ ಗಂಜಿ, ಒಂದು ದಿನ ಗೋಡೆಗೆ ಹೊಡೆದರೆ ಗೋಡೆಗೇ ಪೆಟ್ಟು. ಮಗನಿಗೆ ಮೂರು ತಿಂಗಳು ತುಂಬಿತ್ತು. ಕ್ರಿಸ್‌ಮಸ್ ರಜೆ ಬಿಟ್ಟ ದಿನವೇ ನಾನು ಕುಂಟುತ್ತಾ ಮಾವನ ಮನೆ ಸೇರಿದೆ. ಪಂಚಾಂಗ ನೋಡಿ ದಿನವನ್ನೂ ಗೊತ್ತುಮಾಡಿದರು: ರಜೆಯ ಕೊನೆಯ ಸೋಮವಾರ, ಬೆಳಿಗ್ಗೆ ಏಳೂವರೆಗೆ ರಾಹುಕಾಲ ಹುಟ್ಟುವುದರೊಳಗೆ ಹೊರಡಬೇಕು. ಆ ಹೊತ್ತು ತಪ್ಪಿದರೆ ಅದೇ ವಾರ ಅಮಾವಾಸ್ಯೆ, ಅದು ಕಳೆದರೆ ಶೂನ್ಯಮಾಸ. ಮತ್ತೆ ಒಂದು ತಿಂಗಳು ಹೆಣ್ಣುಮಗಳನ್ನು ಹೊಸಿಲು ದಾಟಿಸುವ ಮಾತಿಲ್ಲ. ಅಂದರೆ ಇನ್ನೂ ಒಂದು ತಿಂಗಳು ಆ ಗಂಜಿ, ಆ ಗೋಡೆ.

ಆ ಸೋಮವಾರದ ಹಿಂದಿನ ರಾತ್ರಿಯೇ ಊರಿನ ಬಯಲಾಟ ಬಿದ್ದಿತ್ತು. ಆಟದ ಹೆಸರು 'ಚಿಗುರಾಸುರನ ಕಾಳಗ'. ಈ ಕಥೆ ಯಾವ ಪುರಾಣದಲ್ಲಿದೆ ಎಂದು ನನ್ನನ್ನು ಕೇಳಬೇಡಿ. ನಾನು ಕೇಳಿದ್ದಕ್ಕೆ "ನಮ್ಮೂರ ಪುರಾಣದಾಗೈತಿ" ಎಂದಿದ್ದರು. ಚಿಗುರಾಸುರ ಘೋರ ತಪಸ್ಸು ಮಾಡಿ ಶಿವನಿಂದ ವರ ಪಡೆದವನು. ಅವನ ಕೈ ಕಡಿದರೆ ಕೈ ಚಿಗುರುತ್ತದೆ, ಕಾಲು ಕಡಿದರೆ ಕಾಲು, ತಲೆ ಕಡಿದರೆ ತಲೆ. ವಿಜಯಧ್ವಜನೆಂಬ ರಾಜ ಅವನ ಮೇಲೆ ಯುದ್ಧಕ್ಕೆ ಬಂದು ರಾತ್ರಿಯೆಲ್ಲಾ ಅವನ ತಲೆಗಳನ್ನು ಕಡಿಯುತ್ತಾನೆ. ಏಳು ಸಲ ತಲೆ ಚಿಗುರುತ್ತದೆ. ಎಂಟನೆಯ ಸಲ ಚಿಗುರುವುದಿಲ್ಲ. ಅಸುರ ಸಾಯುತ್ತಾನೆ, ಮಂಗಳಾರತಿ ಆಗುತ್ತದೆ, ಜನ ಎದ್ದು ಮನೆಗೆ ಹೋಗುತ್ತಾರೆ. ಕಡಿಯುವ ಹೊತ್ತಿಗೆ ಇಬ್ಬರು ಅಸುರನ ಮುಂದೆ ಬಿಳಿ ಪಂಚೆ ಹಿಡಿಯುತ್ತಾರೆ, ಅದರ ಕೆಳಗಿನಿಂದ ಹುಲ್ಲು ತುಂಬಿ ಬಣ್ಣ ಬಳಿದ ಗೋಣಿತಟ್ಟಿನ ತಲೆಯೊಂದು ಉರುಳಿ ಬರುತ್ತದೆ. ಪಂಚೆ ಸರಿಸಿದರೆ ಅಸುರ ಹೊಸ ತಲೆಯ ಜೊತೆ ಮೀಸೆ ತಿರುವುತ್ತಾ ನಿಂತಿರುತ್ತಾನೆ. ಗುಡ್ಡದಾಚೆಯ ಪಾಪಿನಾಯಕನಹಳ್ಳಿಯವರು ಕೂಡ ಹೊತ್ತು ಮುಳುಗುವ ಮೊದಲೇ ಗಾಡಿ ಮೇಲೆ ಗಾಡಿ ಕಟ್ಟಿಕೊಂಡು ಈ ತಲೆಗಳನ್ನು ನೋಡಲು ಬರುತ್ತಿದ್ದರು.

ಈ ಚಿಗುರಾಸುರ ನಮ್ಮ ಮಾವನವರು. ಹೆಸರು ಕೊಟ್ರಪ್ಪ. ಅರವತ್ತರ ಹತ್ತಿರದ ವಯಸ್ಸು, ಆರಡಿ ಎತ್ತರ, ಗದ್ದೆಯ ಈ ಬದುವಿನಲ್ಲಿ ನಿಂತು ಕೆಮ್ಮಿದರೆ ಆ ಬದುವಿನ ಕೊಕ್ಕರೆ ಏಳುವಂಥ ಕಂಠ. ಇಪ್ಪತ್ತೆರಡು ವರ್ಷದಿಂದ ಅವರೇ ಅಸುರ. ರಾಜನ ಪಾತ್ರ ಪಕ್ಕದ ಗದ್ದೆಯ ಪಂಪಾಪತಿಯದು. ಅವನು ಮಾವನವರಿಗಿಂತ ಹದಿನೈದು ವರ್ಷ ಚಿಕ್ಕವನು, ತೆಳ್ಳಗಿನ ಮನುಷ್ಯ. ನಿಜವಾದ ಜಗಳವಾದರೆ ಮಾವನವರು ಅವನನ್ನು ಒಂದು ಕೈಯಲ್ಲಿ ಎತ್ತಿ ಕಾಲುವೆಗೆ ಹಾಕುತ್ತಿದ್ದರು. ಆದರೂ ಪ್ರತಿವರ್ಷ ಇಡೀ ಊರಿನ ಮುಂದೆ ಅವನ ಕೈಯಲ್ಲಿ ಸಾಯಬೇಕಾಗಿತ್ತು. ಸತ್ತರೆ ಸಾಯಲಿ, ಅದು ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ವರ್ಷವಿಡೀ ಪಂಪಾಪತಿ ಊರಬಾಗಿಲ ಅಗಸೆ ಕಟ್ಟೆಯಲ್ಲಿ ಕೂತು, "ಕೊಟ್ರಪ್ಪ ಮಾಮಗ ನಾನಂದ್ರ ಭಾಳ ಅಂಜಿಕಿ ಬಿಡ್ರಪ. ಎಂಟ್ ಏಟಿಗೆ ಮಲಗಿಸಿಬಿಡ್ತೀನಿ" ಎಂದು ನಗುತ್ತಿದ್ದ. ಮಾವನವರೂ ನಗುತ್ತಿದ್ದರು. ನಕ್ಕು ಮನೆಗೆ ಬಂದು ಎತ್ತುಗಳನ್ನು ಬೈಯುತ್ತಿದ್ದರು.

ತಾಲೀಮು ಸಂಜೆ ಹೊತ್ತು ಮಾವನವರ ಮನೆಯ ಪಡಸಾಲೆಯಲ್ಲೇ ನಡೆಯುತ್ತಿತ್ತು. ನಾನು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ಹೊಸ ಅಳಿಯನಿಗೆ ಸಲ್ಲುವ ಮರ್ಯಾದೆಯೊಂದಿಗೆ ಗೋಡೆಗೊರಗಿ ನೋಡುತ್ತಿದ್ದೆ. ಕೆಲಸವಿಲ್ಲದ ಮಾಸ್ತರನಷ್ಟು ಅಪಾಯದ ಪ್ರಾಣಿ ಲೋಕದಲ್ಲಿ ಇನ್ನೊಂದಿಲ್ಲ. ಎದುರಿಗೆ ಅಸುರನಿಗೆ ತಲೆಯ ಮೇಲೆ ತಲೆ ಚಿಗುರುತ್ತಿದೆ, ಇತ್ತ ನನ್ನ ದಿಂಬಿನ ಮೇಲೆ ಒಂದು ಉಗುರು ಬರಲೊಲ್ಲದು. ಎಷ್ಟು ಹೊತ್ತು ಸಹಿಸುವುದು? ಎಂಟನೆಯ ಏಟಿಗೆ ಬಿದ್ದ ಮಾವನವರು ಎದ್ದು ಪಂಚೆಯ ಧೂಳು ಕೊಡವಿಕೊಳ್ಳುತ್ತಿದ್ದಾಗ ನಾನು ಗಂಟಲು ಸರಿಮಾಡಿಕೊಂಡು ಆಟ ಕಲಿಸುವ ಭಾಗವತ ತಿಪ್ಪಣ್ಣಜ್ಜನನ್ನು ಕೇಳಿದೆ:

"ಅಜ್ಜ, ಏಳು ಸಲ ಚಿಗುರಿದ ತಲೆ ಎಂಟನೇ ಸಲ ಯಾಕೆ ಚಿಗುರೋದಿಲ್ಲ? ವರಕ್ಕೆ ಏನಾಯ್ತು?"

ತಿಪ್ಪಣ್ಣಜ್ಜನಿಗೆ ಎಪ್ಪತ್ತು ದಾಟಿತ್ತು. ತಾಳ ಕೆಳಗಿಟ್ಟು, ಇಂಥ ಪ್ರಶ್ನೆಯನ್ನೂ ಒಬ್ಬರು ಕೇಳುತ್ತಾರೆಯೇ ಎನ್ನುವಂತೆ ನನ್ನನ್ನು ನೋಡಿದ. "ಎಂಟನೇ ಸಲಕ್ಕ ಬೆಳಕು ಹರೀತೈತಲ್ರಿ ಮಾಸ್ತರ್ರ. ಬೆಳಕು ಹರದ ಮ್ಯಾಲ ಇನ್ನ ಯಾಕ ಚಿಗುರ್ಬೇಕು?"

ನಾನು ನಕ್ಕೆ. ಸಣ್ಣಗೆ ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಪಡಸಾಲೆ ತುಂಬ ನಕ್ಕೆ. ಅಷ್ಟಕ್ಕೇ ನಿಲ್ಲಿಸದೆ, ಶಾಲೆಯಲ್ಲಿ ವಸ್ತುಪಾಠ ಹೇಳುವವನ ಠೀವಿಯಲ್ಲಿ ಶುರುಮಾಡಿದೆ. ಹಲ್ಲಿಯ ಬಾಲ ಚಿಗುರುತ್ತದೆ, ಒಪ್ಪೋಣ. ಆದರೆ ಅದಕ್ಕೂ ವಾರಗಟ್ಟಲೆ ಬೇಕು, ಬಂದ ಬಾಲವೂ ಮೊದಲಿನಷ್ಟು ಚೆಂದವಿರುವುದಿಲ್ಲ. ಇವನ ತಲೆ ಮಾತ್ರ ಮದ್ದಲೆಯ ಒಂದು ಮುಕ್ತಾಯದೊಳಗೆ ಬಂದುಬಿಡುತ್ತದೆ. ಬರಲಿ, ಜೊತೆಗೆ ಕಿರೀಟ ಹೇಗೆ ಬಂತು? ಕಿವಿಯ ಓಲೆ ಹೇಗೆ ಬಂತು? ಅಸಲಿಗೆ ಅವನಿಗೆ ಕಿವಿ ಚುಚ್ಚಿದವರು ಯಾರು? ಚುಚ್ಚಿದ ಗಾಯ ಆ ಕ್ಷಣವೇ ಮಾಯ್ದುಹೋದರೆ ಓಲೆ ತೂರಿಸುವುದು ಎಲ್ಲಿ? ಹೊಸ ತಲೆಗೆ ಹಳೆಯ ತಲೆಯ ನೆನಪು ಇರುತ್ತದೆಯೇ, ಇಲ್ಲವೇ? ಹಂಪಿಯಲ್ಲಿ ನೋಡಿ, ಸಾಕ್ಷಾತ್ ದೇವರುಗಳೇ ಮೂಗು ಹೋಗಿ, ಕೈ ಹೋಗಿ ನೂರಾರು ವರ್ಷದಿಂದ ಹಾಗೇ ನಿಂತಿದ್ದಾರೆ. ವರ ಕೊಡುವವರಿಗೇ ಒಂದು ಮೂಗು ಚಿಗುರಲಿಲ್ಲ, ವರ ಪಡೆದವನಿಗೆ ಏಳು ತಲೆಯೇ? ಹೇಳುತ್ತಾ ಹೇಳುತ್ತಾ ನನಗೆ ಹೆಬ್ಬೆರಳಿನ ನೋವೇ ಮರೆತುಹೋಯಿತು.

ನಾನು ಅಂದುಕೊಂಡದ್ದು ಎಲ್ಲರೂ ಬೈಯುತ್ತಾರೆ ಎಂದು. ಬೈದಿದ್ದರೆ ಒಳ್ಳೆಯದಿತ್ತು. ಅವರು ಯೋಚಿಸತೊಡಗಿದರು. ಮೊದಲು ಊರಿನ ಕ್ಷೌರಿಕ ಬಾಯಿ ತೆಗೆದ: "ಮಾಸ್ತರ್ ಹೇಳಿದ್ದು ಖರೇ ಐತ್ರಪ. ಅವ್ನ ಕೂದ್ಲ ಕತ್ತರಿಸಿದ ಕೂಡ್ಲೇ ಬೆಳದ್ರ ನನ್ನಂಥೋನ ಗತಿ ಏನು? ಮುಂಜಾನಿ ಕುಂತೋನು ಸಂಜೀತನ ಕತ್ರಿ ಆಡಿಸ್ಬೇಕು, ಸಂಜಿಗೂ ಅವ್ನು ಹಂಗ ಇರ್ತಾನ." ಅಕ್ಕಸಾಲಿಗನಿಗೆ ಬೇರೆ ಚಿಂತೆ: "ಕೈ ಜೋಡಿ ಕಡಗಾನೂ ಚಿಗುರ್ತೈತಿ ಅಂದ್ರ ನಮ್ಮ ಕುಲುಮಿ ಯಾಕ ಬೇಕು? ಆ ಊರಾಗ ನಮ್ಮೋರು ಹ್ಯಾಂಗ ಬದುಕಿದ್ರು?" ಮದ್ದಲೆಯವನು ಕೆಳಗೆ ಬಿದ್ದ ತಲೆಯ ಕಡೆಗೆ ಬೆರಳು ತೋರಿಸಿ, ಮುಂಡಕ್ಕೆ ತಲೆ ಚಿಗುರಿದರೆ ತಲೆಗೆ ಮುಂಡ ಯಾಕೆ ಚಿಗುರಬಾರದು, ಆಗ ಎಂಟು ಜನ ಅಸುರರಾಗಬೇಕಲ್ಲ ಎಂದ. ಎಲ್ಲರೂ ಹೌದು ಹೌದು ಎಂದರು. ಮೂರು ದಿನ ಆ ಊರಿನಲ್ಲಿ ಇದೇ ಮಾತು. ಕಣದಲ್ಲಿ, ಬಾವಿಕಟ್ಟೆಯಲ್ಲಿ, ಅಗಸೆಯಲ್ಲಿ ಎಲ್ಲಿ ನೋಡಿದರೂ ಚಿಗುರಾಸುರನ ಕಿವಿಯ ತೂತಿನ ಚರ್ಚೆ. ನನಗಂತೂ ಮಲಪನಗುಡಿಗೆ ಜ್ಞಾನದ ದೀಪ ಹಚ್ಚಿದೆನೆಂಬ ಹೆಮ್ಮೆ.

ನಮ್ಮ ಅತ್ತೆಯವರು ಮಾತ್ರ ಬೇರೆ ಪ್ರಶ್ನೆ ಕೇಳಿದರು. ಅವರು ಅಳಿಯನೆದುರು ಬಾರದ ಹಳೆಯ ಕಾಲದವರು. ಬಾಗಿಲ ಹಿಂದೆ ನಿಂತು, ನನಗೆ ಹೇಳಬೇಕಾದದ್ದನ್ನು ಮಗಳಿಗೆ ಹೇಳುತ್ತಿದ್ದರು. "ನೀಲವ್ವ, ಅಷ್ಟೆಲ್ಲಾ ಕೇಳಿದ್ರಲ್ಲ, ಒಂದ್ ಕೇಳ್ಲಿಲ್ಲ ನೋಡು. ಕೈಯಿ, ಕಾಲು, ತಲಿ ಚಿಗುರ್ತೈತಿ ಅಂದ್ರ ಬರೇ ಹೊಟ್ಟೀಲಿ ಚಿಗುರ್ತೈತೇನು? ಅವ್ನ ಮನೀ ಹೆಣ್ಮಗಳು ಎಷ್ಟು ರೊಟ್ಟಿ ಬಡೀಬೇಕು?" ಗಂಡಸರೆಲ್ಲಾ ನಕ್ಕುಬಿಟ್ಟರು. ನಾನೂ ನಕ್ಕೆ. ಅಷ್ಟು ಪ್ರಶ್ನೆಗಳಲ್ಲಿ ಗಟ್ಟಿಯಾದದ್ದು ಅದೊಂದೇ ಎಂದು ಆಗ ನನಗೆ ಹೊಳೆಯಲಿಲ್ಲ.

ಮಾವನವರು ಏನೂ ಕೇಳಲಿಲ್ಲ. ಅದೇ ನನಗೆ ಅನುಮಾನ ಬರಿಸಬೇಕಾಗಿತ್ತು. ಮೂರನೆಯ ದಿನ ದನದ ಕೊಟ್ಟಿಗೆಗೆ ಹೋದರೆ ಅವರು ದಬ್ಬಣ ಹಿಡಿದುಕೊಂಡು ಗೋಣಿತಟ್ಟು ಹೊಲಿಯುತ್ತಾ ಕೂತಿದ್ದರು. ಪಕ್ಕದಲ್ಲಿ ಹುಲ್ಲಿನ ರಾಶಿ. "ಏನು ಮಾವಾರ?" ಎಂದೆ. "ಜ್ವಾಳದ ಹೊಲಕ್ಕ ಬೆರ್ಚಪ್ಪ ಮಾಡಾಕತ್ತೀನ್ರಿ. ಈ ವರ್ಷ ಹಕ್ಕಿ ಭಾಳ" ಎಂದರು. ಎಷ್ಟು ಕಷ್ಟಪಡುತ್ತಾರೆ ಪಾಪ ಎಂದುಕೊಂಡು ನಾನೂ ಕೂತು ನಾಲ್ಕು ಗೋಣಿಗೆ ಹುಲ್ಲು ತುಂಬಿಕೊಟ್ಟೆ.

ಭಾನುವಾರ ಸಂಜೆ ಗೆಜ್ಜೆಪೂಜೆಯಾಯಿತು. ಆ ಊರಿನ ಒಂದು ನೇಮವನ್ನು ಇಲ್ಲಿ ಹೇಳಬೇಕು. ಅಸುರನ ಪಾತ್ರದವನು ಪೂಜೆಯಾಗಿ ಕಿರೀಟ ಕಟ್ಟಿದ ಮೇಲೆ ಸತ್ತು ಮಂಗಳಾರತಿಯಾಗುವ ತನಕ ನೀರು ಬಿಟ್ಟು ಏನನ್ನೂ ಮುಟ್ಟುವ ಹಾಗಿಲ್ಲ, ಕಿರೀಟ ಇಳಿಸುವ ಹಾಗಿಲ್ಲ, ಮನೆ ಹೊಸಿಲು ತುಳಿಯುವ ಹಾಗಿಲ್ಲ, ಮಕ್ಕಳನ್ನು ಎತ್ತಿಕೊಳ್ಳುವ ಹಾಗಂತೂ ಇಲ್ಲವೇ ಇಲ್ಲ. ಈ ನೇಮ ನನಗೂ ಗೊತ್ತಿತ್ತು. ಆಟ ಮುಗಿಯುವುದು ಸೂರ್ಯ ಹುಟ್ಟುವ ಹೊತ್ತಿಗೆ, ಅಂದರೆ ಹೆಚ್ಚೆಂದರೆ ಆರೂಮುಕ್ಕಾಲು. ಮಾವನವರು ಮುಖ ತೊಳೆದು ಮಗುವನ್ನು ಗಾಡಿಯಲ್ಲಿ ಕೂಡಿಸಲು ಬೇಕಾದಷ್ಟು ಸಮಯ. ಅವರೇ ಮದುವೆಯಲ್ಲಿ ಕೊಟ್ಟ ಗಡಿಯಾರವನ್ನು ಜೇಬಿನಲ್ಲಿಟ್ಟುಕೊಂಡು ನಾನು ನಿಶ್ಚಿಂತೆಯಿಂದ ಇದ್ದೆ.

ಬೆಳಕು ಹರಿಯಿತು. ಏಳು ತಲೆಗಳು ಆಟಕ್ಕೆ ಕಟ್ಟಿದ ಅಟ್ಟದ ಮೇಲೆ ಉರುಳಿ ಬಿದ್ದಿದ್ದವು. ಗಾಡಿಗೆ ಎತ್ತು ಹೂಡಿ ತಂದು ಬಯಲಿನ ಅಂಚಿಗೆ ನಿಲ್ಲಿಸಿದ್ದೆ. ಗಂಟುಮೂಟೆ ಒಳಗೆ, ನೀಲಮ್ಮ ಉಡಿ ತುಂಬಿಸಿಕೊಂಡು ಮಗುವನ್ನು ಹೊದಿಸಿಕೊಂಡು ಪಕ್ಕದಲ್ಲಿ. ಪಂಪಾಪತಿ ಕತ್ತಿಯೆತ್ತಿ ಎಂಟನೆಯ ಏಟು ಹೊಡೆದ. ಪಂಚೆ ಹಿಡಿದರು. ಧೊಪ್ಪೆಂದು ಎಂಟನೆಯ ತಲೆ ಉರುಳಿತು. ಎಂಟನೆಯ ಏಟಿಗೆ ಅಸುರನೇ ಬೀಳಬೇಕು, ಎಂಟನೆಯ ತಲೆ ಇರಲೇಬಾರದು! ಪಂಚೆ ಸರಿಸಿದರೆ ಅಸುರ ಮೀಸೆ ತಿರುವುತ್ತಾ ನಿಂತಿದ್ದಾನೆ. ಭಾಗವತನ ಕೈಯ ತಾಳ ಹಾಗೇ ನಿಂತುಹೋಯಿತು. ಪಂಪಾಪತಿ ಕಕ್ಕಾಬಿಕ್ಕಿಯಾಗಿ ಒಂಬತ್ತನೆಯ ಏಟು ಹೊಡೆದ. ಒಂಬತ್ತನೆಯ ತಲೆ ಬಿತ್ತು. ಅದರ ಹೊಲಿಗೆ ಸೊಟ್ಟಗಿತ್ತು. ನಾನು ತುಂಬಿಕೊಟ್ಟ ಬೆರ್ಚಪ್ಪ ಎಂದು ನೋಡಿದ ಕೂಡಲೇ ಗುರುತು ಸಿಕ್ಕಿತು. ಅಸುರ ಎದೆಯುಬ್ಬಿಸಿ ಗುಡುಗಿದ:

"ಎಲೈ ರಾಜನೇ! ಏಳು ಸಾರಿ ಚಿಗುರಿದ ತಲೆಯು ಎಂಟನೆಯ ಸಾರಿ ಯಾತಕ್ಕೆ ಚಿಗುರಬಾರದು? ಕಾರಣವನ್ನು ಹೇಳುವಂಥವನಾಗು! ಕಾರಣವಿಲ್ಲದೆ ನಾನು ಸಾಯತಕ್ಕವನಲ್ಲ! ಈ ಪ್ರಶ್ನೆಯನ್ನು ಹೊಸಪೇಟೆಯ ಸಾಲೀ ಮಾಸ್ತರರಾದ ನನ್ನ ಅಳಿಯಂದಿರೇ ಕೇಳಿರುವರು!"

ಇಡೀ ಬಯಲು ತಿರುಗಿ ನನ್ನನ್ನು ನೋಡಿತು. ಪಂಪಾಪತಿ ಮೆಲ್ಲಗೆ, "ಮಾಮ, ಇನ್ನ ಬೀಳಪ್ಪ. ನನ್ನ ರಟ್ಟೀ ಸೋತು ಹೋದವು" ಎಂದದ್ದು ಮುಂದೆ ಕೂತವರಿಗೆಲ್ಲಾ ಕೇಳಿಸಿತು. ಅಸುರ ದನಿ ತಗ್ಗಿಸಿ ಏನೋ ಹೇಳಿದ. ಅಗಸೆ ಕಟ್ಟೆ ಎಂಬ ಮಾತು ಅದರಲ್ಲಿ ಇತ್ತು. ಹತ್ತನೆಯ ತಲೆ ಬಿತ್ತು. ಗಡಿಯಾರ ಏಳು ತೋರಿಸುತ್ತಿತ್ತು. ಊರಿನ ಹಿರಿಯರು ನನ್ನ ಹತ್ತಿರ ಬಂದು, "ಮಾಸ್ತರ್ರ, ಚಿಗುರಿಸಿದೋರು ನೀವು. ನೀವ ಸಾಯಿಸ್ರಿ" ಎಂದರು.

ಹೇಗೆ ಸಾಯಿಸುವುದು? ನೀಲಮ್ಮ ನನ್ನ ತೋಳು ಹಿಡಿದು, "ಏನ್ರಿ, ರಾತ್ರಿಯೆಲ್ಲಾ ಉಪಾಸ ಅದಾರ. ಮೈಮ್ಯಾಲ ಅಷ್ಟು ಕಟಗಿ ಒಡವಿ ಕಟ್ಕೊಂಡು ಬಿಸಿಲಾಗ ನಿಂತಾರ. ಹೋಗಿ ಹೇಳ್ರಿ ಅಪ್ಪಗ" ಎಂದಳು.

"ಏನಂತ ಹೇಳ್ಲಿ? ಸಾಯ್ರಿ ಅಂತ ಹೇಳ್ಲಾ?"

"ಥೂ! ಬಿಡ್ತು ಅನ್ರಿ!"

ಬಿಡ್ತು ಅಂದೆ. ನೋಡಿ, ಇದೇ ತೊಡಕು. ಮಗಳು ಅಪ್ಪನಿಗೆ ಆ ಮಾತು ಹೇಳುವಂತಿಲ್ಲ, ಮುತ್ತೈದೆಯಾದ ಅತ್ತೆಯವರು ಅದನ್ನು ನೆನೆಯುವಂತೆಯೂ ಇಲ್ಲ. ಇನ್ನು ಮಗಳನ್ನು ಕರೆದುಕೊಂಡು ಹೋಗಲು ಬಂದ ಅಳಿಯ ಹಾಡುಹಗಲು ಎರಡೂರಿನ ಜನರೆದುರು ಮಾವನಿಗೆ 'ಸಾಯಿರಿ' ಎಂದು ಕೈಮುಗಿದರೆ ಆಮೇಲೆ ಯಾವ ಹೊಸಿಲು ತುಳಿಯುವುದು? ನಾನು ಕುಂಟುತ್ತಾ ಅಟ್ಟದ ಬುಡಕ್ಕೆ ಹೋಗಿ ಕೈ ಮುಗಿದೆ.

"ಮಾವಾರ, ಬೆಳಕು ಹರೀತಲ್ರಿ..."

"ಹರೀಲಿ ಬಿಡ್ರಿ" ಎಂದ ಅಸುರ. "ಆ ಕಾರಣಕ್ಕ ನೀವ ನಕ್ಕಿದ್ರಿ." ಜನ ಹೋ ಎಂದರು.

ನನ್ನ ಮಾಸ್ತರಿಕೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಥಟ್ಟನೆ ಒಂದು ಉಪಾಯ ಹೊಳೆಯಿತು. "ಮಾವಾರ, ವರ ಪಡೆದದ್ದು ಮೊದಲನೇ ತಲೆ. ಅದು ನೋಡ್ರಿ, ಅಲ್ಲಿ ಬಿದ್ದೈತಿ. ನಿಮ್ಮ ಮೈಮೇಲಿರೋದು ಇವತ್ತು ಹುಟ್ಟಿದ ಹೊಸ ತಲೆ. ಶಿವ ಏನು ಹೇಳಿದ ಅಂತ ಅದಕ್ಕೆ ಗೊತ್ತೂ ಇಲ್ಲ, ಅದಕ್ಕೆ ವರವೂ ಇಲ್ಲ. ಅದು ಬಿದ್ದರೆ ಮತ್ತೆ ಚಿಗುರೋ ಕಾರಣ ಇಲ್ಲ."

ಬಯಲೆಲ್ಲಾ ತಲೆದೂಗಿತು. ನನಗೆ ನಾನೇ ಶಹಭಾಸ್ ಹೇಳಿಕೊಂಡೆ. ಅಸುರ ಮಾತ್ರ ಗದೆಯನ್ನು ಹೆಗಲ ಮೇಲಿಟ್ಟುಕೊಂಡು ಹೇಳಿದ: "ಹಂಗಾದ್ರ ಮಗಳ್ನ ಇವತ್ತ ಕಳಸ್ತೀನಿ ಅಂತ ನಿಮಗ ಮಾತು ಕೊಟ್ಟದ್ದೂ ಮೊದಲ್ನೇ ತಲೀನ ಅಲ್ಲೇನ್ರಿ ಅಳಿಯಾರ? ಹೋಗಿ ಅದನ್ನ ಕೇಳ್ರಿ. ಈ ತಲೀಗ ನೀವು ಯಾರು ಅನ್ನೋದ ಗೊತ್ತಿಲ್ಲ."

ಜನ ಬಿದ್ದು ಬಿದ್ದು ನಕ್ಕರು. ಪಂಪಾಪತಿಯೂ ಕತ್ತಿ ಊರಿಕೊಂಡು ನಕ್ಕ. ನನಗೆ ಅಳು ಬಂತು, ನಿಜವಾಗಿಯೂ ಬಂತು. ಇನ್ನೊಂದು ತಿಂಗಳು ಆ ಕತ್ತಲೆ ಅಡುಗೆಮನೆಯಲ್ಲಿ ಒಬ್ಬನೇ ಒಲೆ ಊದುವುದನ್ನು ನೆನೆಸಿಕೊಂಡೆ. ಮಗು ಆಗ ತಾನೇ ನನ್ನ ಮುಖ ನೋಡಿ ನಗಲು ಕಲಿತಿತ್ತು. ಒಂದು ತಿಂಗಳಲ್ಲಿ ಅದೂ ಹೊಸ ತಲೆಯಂತೆ ನನ್ನನ್ನು ಮರೆತುಬಿಟ್ಟರೆ? ಗಡಿಯಾರದಲ್ಲಿ ಏಳು ಹತ್ತು. ಹನ್ನೊಂದನೆಯ ತಲೆಯೂ ಉರುಳಿತು. ಪಂಚೆಯ ಹಿಂದೆ ತಲೆಗಳನ್ನು ತುಂಬಿಟ್ಟಿದ್ದ ಚೀಲ ಇನ್ನೂ ಉಬ್ಬಿಕೊಂಡೇ ಇತ್ತು.

ಆಗ ಅತ್ತೆಯವರು ಬಂದರು. ತಲೆಯ ಮೇಲೆ ದೊಡ್ಡ ಬುಟ್ಟಿ. ಯಾರನ್ನೂ ನೋಡದೆ ನೇರವಾಗಿ ಅಟ್ಟದ ಮುಂದೆ ಬಂದು ಬುಟ್ಟಿ ಇಳಿಸಿ, ಸೆರಗು ಸರಿಮಾಡಿಕೊಂಡು ಕೂತು, ಮೇಲಿನ ಬಟ್ಟೆ ತೆಗೆದರು. ಒಗ್ಗರಣೆ ಹಾಕಿದ ಮಂಡಕ್ಕಿ, ಈಗತಾನೇ ಎಣ್ಣೆಯಿಂದ ತೆಗೆದ ಮೆಣಸಿನಕಾಯಿ ಬಜ್ಜಿ. ಆ ವಾಸನೆಯನ್ನು ನಾನು ಬರೆದು ತಿಳಿಸಲಾರೆ. ಅತ್ತೆಯವರು ಗಂಡನ ಕಡೆ ಕಣ್ಣೆತ್ತಿಯೂ ನೋಡದೆ ಮಗಳಿಗೆ ಹೇಳುವಂತೆ ಹೇಳಿದರು:

"ನೀಲವ್ವ, ತಲೀಗ ಒಂದು ರೊಟ್ಟಿ ಅಂದ್ರೂ ಹನ್ನೊಂದು ರೊಟ್ಟಿ ಆತು. ಬರೇ ಹೊಟ್ಟೀಲಿ ಇನ್ನಾ ಎಷ್ಟು ಚಿಗುರ್ತೈತೋ ಚಿಗುರ್ಲಿ, ನಾವೂ ನೋಡೂಣು. ಈ ಮೆಣಸಿನಕಾಯಿ ಆರಿದ್ರ ಚೊಲೋ ಇರಂಗಿಲ್ಲ. ಮದ್ಲಿಯಾರಿಗೆ ಕೊಡು. ಪಂಪಾಪತಿಗೂ ಕೊಡು, ಪಾಪ, ರಾತ್ರಿಯೆಲ್ಲಾ ದುಡದಾನ."

ನೇಮ ಅಸುರನಿಗೆ ಮಾತ್ರ, ರಾಜನಿಗೆ ಉಪವಾಸವಿಲ್ಲ. ಪಂಪಾಪತಿ ಕತ್ತಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಂದು ಬಜ್ಜಿ ಕಚ್ಚಿದ. ಕರಕ್ ಎಂದಿತು. ಅಸುರನ ಮೂಗು ಅರಳಿತು. ಪಂಪಾಪತಿ ಎರಡನೆಯದನ್ನು ಕೈಗೆತ್ತಿಕೊಂಡ. ಅಸುರ ಬುಟ್ಟಿ ನೋಡಿದ, ಹೆಂಡತಿಯನ್ನು ನೋಡಿದ, ಸುತ್ತ ನೆರೆದು ಕೈಚಾಚಿದ ಹಿಮ್ಮೇಳದವರನ್ನು ನೋಡಿದ. "ಅಯ್ಯೋ ಶಿವನೇ!" ಎಂದು ಒಂದು ದೊಡ್ಡ ಕೂಗು ಹಾಕಿ, ರಾಜ ಕತ್ತಿಯೆತ್ತುವ ಮೊದಲೇ, ಇಪ್ಪತ್ತೆರಡು ವರ್ಷದಲ್ಲಿ ಯಾವತ್ತೂ ಬೀಳದಷ್ಟು ಚೆನ್ನಾಗಿ ಅಟ್ಟದ ಮೇಲೆ ಬಿದ್ದ. ತಿಪ್ಪಣ್ಣಜ್ಜ ಓಡಿಬಂದು ಪಂಚೆ ಹೊದಿಸಿ, ಮತ್ತೆ ಏಳದಂತೆ ಅದರ ಒಂದು ತುದಿಯ ಮೇಲೆ ಕೂತುಕೊಂಡು, ಮಂಗಳದ ಪದವನ್ನು ಉಸಿರು ತೆಗೆದುಕೊಳ್ಳದೆ ಹಾಡಿ ಮುಗಿಸಿದ.

ಏಳು ಇಪ್ಪತ್ತೈದಕ್ಕೆ ಮಾವನವರು ಕಿವಿಯ ಸಂದಿಯಲ್ಲಿ ಹಳದಿ ಬಣ್ಣ, ಮೀಸೆಯಲ್ಲಿ ಮಂಡಕ್ಕಿ ಇಟ್ಟುಕೊಂಡೇ ಮೊಮ್ಮಗನನ್ನು ಎತ್ತಿ ಗಾಡಿಯಲ್ಲಿ ಕೂಡಿಸಿದರು. ಮಗು ಕಿಟಾರನೆ ಕಿರುಚಿತು. ನನ್ನ ಕಡೆ ತಿರುಗಿ, "ಅಳಿಯಾರ, ಮುಂದಿನ ವರ್ಷ ನೀವ ಚಿಗುರಾಸುರ. ಕಾರಣ ಕೇಳೋರ ಸಾಯ್ಲಿ" ಎಂದರು. ಮಾವನವರಿಗೆ ಆ ಮಾತು ಹೇಳಲು ಯಾವ ಅಡ್ಡಿಯೂ ಇರಲಿಲ್ಲ. ಹೆಂಡತಿಯೂ ಮಗುವೂ ಗಾಡಿಯಲ್ಲಿ ಕೂತಿದ್ದ ಆ ಗಳಿಗೆಯಲ್ಲಿ ಅವರು ಏನು ಕೇಳಿದ್ದರೂ ನಾನು ಹೂಂ ಎನ್ನುತ್ತಿದ್ದೆ. ಹೂಂ ಅಂದೆ.

ಮರುವರ್ಷ ಕಟ್ಟಿದರು ನೋಡಿ, ನನ್ನ ಮೈಗೆ ಆ ಮರದ ಭುಜಕೀರ್ತಿ, ಎದೆಕಟ್ಟು, ಕಿರೀಟ. ನನ್ನ ಹೆಬ್ಬೆರಳಿಗೆ ಅಷ್ಟು ಹೊತ್ತಿಗೆ ಅರ್ಧ ಉಗುರು ಬಂದಿತ್ತು. ಮೊದಲನೆಯ ತಲೆ ಕಡಿಯುವ ಕುಣಿತದಲ್ಲಿ ಪಂಪಾಪತಿ ಸುತ್ತು ಹಾಕಿ ಬಂದು ಹಿಮ್ಮಡಿ ಎತ್ತಿ ಸರಿಯಾಗಿ ಅದೇ ಬೆರಳಿನ ಮೇಲೆ ತುಳಿದ. ನನಗೆ ಕಣ್ಣು ಕತ್ತಲಿಟ್ಟಿತು. ಪಂಚೆ ಹಿಡಿಯುವವರು ಬರುವ ಮೊದಲೇ, ಒಂದೇ ಏಟಿಗೆ, ದೊಪ್ಪನೆ ಬಿದ್ದುಬಿಟ್ಟೆ. ತಿಪ್ಪಣ್ಣಜ್ಜ ಬಗ್ಗಿ, "ಮಾಸ್ತರ್ರ, ಏಳ್ರಿ. ಇನ್ನಾ ಏಳು ಸಲ ಚಿಗುರೋದೈತಿ" ಎಂದ.

"ಆಗೋದಿಲ್ಲ ಅಜ್ಜ. ನನ್ನ ಮೈಯಲ್ಲಿ ಏನೂ ಚಿಗುರೋದಿಲ್ಲ, ಬೇಕಾದ್ರೆ ಬೆರಳು ನೋಡು. ಮಂಗಳ ಹಾಡಿಬಿಡು."

"ಈಗ ಮಂಗಳ ಹಾಡಿದ್ರ ಇವ್ರೆಲ್ಲಾ ಎಲ್ಲಿಗೆ ಹೋಗ್ಬೇಕ್ರಿ?" ಎಂದ ಮುದುಕ, ಒಂದಿಷ್ಟೂ ಸಿಟ್ಟಿಲ್ಲದೆ. "ಪಾಪಿನಾಯಕನಹಳ್ಳ್ಯಾರು ಹತ್ತು ಗಾಡಿ ಬಂದಾರ, ಕೂಸು ಕುನ್ನಿ ಕಟ್ಕೊಂಡು. ದರೋಜಿ ಕಡೀಂದ ಗುಡ್ಡಕ್ಕ ಕರಡಿ ಇಳದಾವು. ಬೆಳಕು ಹರಿಯೋತನ ಇವ್ರನ್ನ ಇಲ್ಲೇ ಕುಂದರಿಸ್ಕೋಬೇಕು. ಅದಕ್ಕ ಚಿಗುರ್ಬೇಕ್ರಿ ಅವ್ನು."

ಒಂದು ಕಣ್ಣು ತೆರೆದು ನೋಡಿದೆ. ಗ್ಯಾಸ್ ದೀಪದ ಬೆಳಕಿನಲ್ಲಿ ಹೆಂಗಸರ ಸಾಲು. ಅರ್ಧಕ್ಕರ್ಧ ಮಕ್ಕಳು ತೊಡೆಯ ಮೇಲೆ ನಿದ್ದೆ ಹೋಗಿದ್ದವು. ಅವುಗಳ ನಡುವೆ ನಮ್ಮ ನೀಲಮ್ಮ, ಅವಳ ತೊಡೆಯ ಮೇಲೆ ನನ್ನ ಮಗ. ನಾಚಿಕೆಯಾಯಿತು. ಹೋದ ವರ್ಷ ಈ ಮುದುಕ ಹೇಳಿದ ಕಾರಣ ಇಷ್ಟು ದೊಡ್ಡದಿತ್ತು, ನಾನು ಅದಕ್ಕೆ ಪಡಸಾಲೆ ತುಂಬ ನಕ್ಕಿದ್ದೆ. ಬೆರಳನ್ನು ಬಿಗಿಹಿಡಿದುಕೊಂಡು ಎದ್ದು ಮೀಸೆ ತಿರುವಿದೆ. ಆ ರಾತ್ರಿ ಏಳು ಸಲ ಚಿಗುರಿದೆ. ಅಷ್ಟು ತಲೆಗಳು ನನಗೆ ಎಲ್ಲಿಂದ ಬಂದವು ಎಂದು ಯಾರನ್ನೂ ಕೇಳಲಿಲ್ಲ.

ಬೆಳಕು ಹರಿಯಿತು, ಎಂಟನೆಯ ಏಟಿಗೆ ಸತ್ತೆ, ಪಂಚೆ ಹೊದಿಸಿದರು. ಮಂಗಳಾರತಿಗೆ ಜನ ಎದ್ದು ನಿಲ್ಲುತ್ತಿದ್ದಾಗ ಮುಂದಿನ ಸಾಲಿನಿಂದ ಒಂದು ಹೊಸ ದನಿ ಕೇಳಿಸಿತು. ಅಕ್ಕಸಾಲಿಗರ ಮನೆಗೆ ಕಂಪ್ಲಿಯಿಂದ ಬಂದ ಹೊಸ ಅಳಿಯನದು. "ಅಲ್ರಿ, ಏಳು ಸಲ ಚಿಗುರಿದ್ದು ಎಂಟನೇ ಸಲ ಯಾಕ ಚಿಗುರ್ಲಿಲ್ಲ?" ಎಂದು ಕೇಳಿ, ತನ್ನ ಪ್ರಶ್ನೆಗೆ ತಾನೇ ನಕ್ಕ. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು, ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಂಗಳ ಮುಗಿಯುವ ತನಕ ಸತ್ತವನು ಮಾತಾಡುವ ಹಾಗಿಲ್ಲ. ಪಂಚೆಯ ಕೆಳಗೆ ತುಟಿ ಕಚ್ಚಿಕೊಂಡು ಸುಮ್ಮನೆ ಮಲಗಿದ್ದೆ. ಮಾಸ್ತರನಾದ ಮೇಲೆ ಅಷ್ಟು ಕಷ್ಟದ ಕೆಲಸ ಇನ್ನೊಂದನ್ನು ನಾನು ಮಾಡಿಲ್ಲ.